ಒಂದು ಯುಎಸ್‌ಬಿ ಕಿಂಡಿ, ಮೂರು ಬ್ಯಾಟರಿ: ಕರು ಹಾಕುವ ರಾತ್ರಿಗೆ ಮೊದಲು ಯಾವುದು ತುಂಬಬೇಕು?



ಕಳೆದ ಮಳೆಗಾಲದ ಒಂದು ರಾತ್ರಿ, ಕಡಸು ಕರು ಹಾಕಲು ತಿಣುಕುತ್ತಿದೆ ಎಂದು ಕರೆ ಬಂತು. ಹೋಗಿ ನೋಡಿದರೆ ಕರುವಿನ ಒಂದು ಮುಂಗಾಲು ಒಳಗೇ ಮಡಚಿಕೊಂಡಿತ್ತು. ಊರಿನಲ್ಲಿ ಕರೆಂಟ್ ಇರಲಿಲ್ಲ. ನನ್ನ ಟಾರ್ಚ್ ಹಿಂದಿನ ಊರಿನಲ್ಲೇ ಖಾಲಿಯಾಗಿತ್ತು. ಕಾಲು ಸರಿಪಡಿಸುತ್ತಿರುವಾಗ ಅವರ ಟಾರ್ಚೂ ಆರಿತು. ಮನೆಯ ಎರಡು ಫೋನುಗಳಲ್ಲೂ ಚಾರ್ಜ್ ಮುಗಿಯುತ್ತಾ ಬಂದಿತ್ತು. ಪಕ್ಕದ ಮನೆಯಿಂದ ಟಾರ್ಚ್ ಬರುವವರೆಗೆ ಕತ್ತಲಲ್ಲೇ ಕಾದೆವು. ಪುಣ್ಯಕ್ಕೆ ಕರು ಉಳಿಯಿತು. "ಸಂಜೆಯಿಂದ ಮೂರನ್ನೂ ಸೋಲಾರ್ ದೀಪದ ಪೆಟ್ಟಿಗೆಗೇ ಹಾಕಿದ್ದೆ ಡಾಕ್ಟ್ರೇ, ಒಂದೂ ತುಂಬಿಲ್ಲ" ಎಂದು ಆ ಮನೆಯ ಅಕ್ಕ ಬೇಸರಪಟ್ಟರು. ತಪ್ಪು ಅವರದಲ್ಲ. ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ನಲ್ಲಿ, ಮೂರು ಕೊಡ

ಸಣ್ಣ ನಲ್ಲಿಗೆ ಮೂರು ಕೊಳವೆ ಜೋಡಿಸಿದರೆ ನೀರು ಹೆಚ್ಚಾಗುವುದಿಲ್ಲ, ಹಂಚಿಹೋಗುತ್ತದೆ. ಯುಎಸ್‌ಬಿ ಕಿಂಡಿಯೂ ಹಾಗೆಯೇ. ಅದರ ಮೇಲೆ 'ಔಟ್‌ಪುಟ್ 5 ವೋಲ್ಟ್, 1 ಆಂಪಿಯರ್' ಎಂದು ಬರೆದಿದ್ದರೆ, ಎರಡನ್ನೂ ಗುಣಿಸಿ: 5 ವ್ಯಾಟ್. ನಾಲ್ಕು ಗಂಟೆಯಲ್ಲಿ ಅದು ಕೊಡುವುದು 20 ವ್ಯಾಟ್-ಗಂಟೆ ಮಾತ್ರ.

5000 ಎಂಎಎಚ್ ಬ್ಯಾಟರಿಯ ಫೋನ್ ಪೂರ್ತಿ ತುಂಬಲು, ನಡುವಿನ ನಷ್ಟ ಸೇರಿ, ಸುಮಾರು 22 ವ್ಯಾಟ್-ಗಂಟೆ ಬೇಕು. ಅಂತಹ ಎರಡು ಫೋನ್ ಮತ್ತು ಒಂದು ಸಣ್ಣ ಟಾರ್ಚ್ ಸೇರಿದರೆ ಹತ್ತಿರ ಹತ್ತಿರ 50. ಸಿಗುವುದು 20. ಮೂರನ್ನೂ ಒಟ್ಟಿಗೆ ಹಾಕಿದಾಗ ಕಿಂಡಿಯ ಮೇಲೆ ಹೊರೆ ಹೆಚ್ಚಿ ವೋಲ್ಟೇಜ್ ಇಳಿಯಬಹುದು, ಚಾರ್ಜರ್ ಬಿಸಿಯಾಗಬಹುದು ಅಥವಾ ತಾನೇ ನಿಂತು ನಿಂತು ಕೆಲಸ ಮಾಡಬಹುದು.

ಹೀಗೆ ಮಾಡಿ

1. ಸರದಿ ಇಡಿ. ಮೊದಲು ಒಂದು ಫೋನ್ ಅರ್ಧ ತುಂಬಲಿ. ವೈದ್ಯರನ್ನು ಕರೆಯಲು ಅಷ್ಟು ಸಾಕು. ಆಮೇಲೆ ಟಾರ್ಚ್. ಉಳಿದ ಸಮಯ ಇನ್ನೊಂದು ಫೋನಿಗೆ.

2. ನೂರಕ್ಕೆ ನೂರು ತುಂಬಲು ಕಾಯಬೇಡಿ. ಹಾಲು ಕ್ಯಾನಿನ ಬಾಯಿಗೆ ಬಂದಾಗ ನಾವು ನಿಧಾನವಾಗಿ ಸುರಿಯುತ್ತೇವಲ್ಲ, ಲಿಥಿಯಂ ಬ್ಯಾಟರಿಯೂ ಕೊನೆಯಲ್ಲಿ ನಿಧಾನವಾಗಿ ತುಂಬುತ್ತದೆ. 80 ಪ್ರತಿಶತಕ್ಕೆ ತೆಗೆದು ಮುಂದಿನದಕ್ಕೆ ಕೊಡಿ. ಇದರಿಂದ ಬ್ಯಾಟರಿಯ ಆಯಸ್ಸಿಗೂ ಒಳ್ಳೆಯದು. ಪೂರ್ತಿ ಖಾಲಿ ಮಾಡಿಯೇ ಹಾಕಬೇಕೆಂಬುದೂ ಇಲ್ಲ.

3. ಚಾರ್ಜರ್ 2 ಆಂಪಿಯರ್‌ನದಾಗಿದ್ದು, ಫೋನ್ 1 ಮತ್ತು ಟಾರ್ಚ್ ಅರ್ಧ ಆಂಪಿಯರ್ ಎಳೆಯುವುದಾದರೆ ಎರಡನ್ನೂ ಒಟ್ಟಿಗೆ ಹಾಕಬಹುದು. ಕೂಡಿದ ಮೊತ್ತ ಚಾರ್ಜರಿನ ಅಂಕಿಯನ್ನು ಮೀರಬಾರದು, ಅಷ್ಟೆ.

4. ಚಾರ್ಜಿಗೆ ಹಾಕಿದ ಫೋನಿನಲ್ಲಿ ವಿಡಿಯೋ ನೋಡಬೇಡಿ. ಒಂದು ಕಡೆ ತುಂಬಿದ್ದು ಇನ್ನೊಂದು ಕಡೆ ಸೋರುತ್ತದೆ.

5. ಟಾರ್ಚಿನಿಂದ ಬಿಚ್ಚಿದ ಲಿಥಿಯಂ ಸೆಲ್ಲಿಗೆ ಯುಎಸ್‌ಬಿ ವೈರ್ ನೇರವಾಗಿ ಜೋಡಿಸಲೇಬೇಡಿ. ಸಾಮಾನ್ಯವಾಗಿ ಅಂತಹ ಸೆಲ್ ತಡೆಯುವುದು 4.2 ವೋಲ್ಟ್ ಮಾತ್ರ, ಕಿಂಡಿ ಕೊಡುವುದು 5. ನಡುವೆ ಚಾರ್ಜಿಂಗ್ ಸರ್ಕ್ಯೂಟ್ ಇಲ್ಲದಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಊದಿಕೊಂಡ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ.

6. ಒಣಹುಲ್ಲು, ಮೇವು, ಹಾಸಿಗೆಯ ಹತ್ತಿರ ಚಾರ್ಜಿಗೆ ಇಡಬೇಡಿ. ಗಾಳಿಯಾಡುವ, ಬಿಸಿಲು ಬೀಳದ ಕಲ್ಲಿನ ಅಥವಾ ಸಿಮೆಂಟಿನ ಕಟ್ಟೆ ಒಳ್ಳೆಯದು.

ಯಾವಾಗ ಶುರು ಮಾಡಬೇಕು?

ತುಂಬು ಗಬ್ಬದ ಹಸುವಿನ ಕೆಚ್ಚಲು ಬಿಗಿಯಾಗಿ, ಬಾಲದ ಬುಡದ ಎರಡೂ ಬದಿ ಸಡಿಲಗೊಂಡು ಗುಳಿ ಬಿದ್ದರೆ ಕರು ಹಾಕುವ ಹೊತ್ತು ಹತ್ತಿರ ಬಂದಿದೆ. ಅಂದಿನಿಂದಲೇ ಈ ಸರದಿ ಪಾಲಿಸಿ. ತುಂಬಿದ ಟಾರ್ಚನ್ನು ಮಕ್ಕಳ ಕೈಗೆ ಸಿಗದಂತೆ, ನಿಮ್ಮ ಕೈಗೆ ತಕ್ಷಣ ಸಿಗುವಂತೆ ಒಂದೇ ಮೊಳೆಗೆ ನೇತುಹಾಕಿ. ನಿಮ್ಮ ಸಂಘದ ವೈದ್ಯರ ನಂಬರನ್ನೂ, ಪಶು ಸಹಾಯವಾಣಿ 1962 ಅನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ನೀರಿನ ಚೀಲ ಒಡೆದು ಒಂದು ಗಂಟೆಯಾದರೂ ಕರು ಮುಂದೆ ಬರದಿದ್ದರೆ ಕಾಯದೆ ಕರೆ ಮಾಡಿ. ನಾವು ಬರುವ ಹೊತ್ತಿಗೆ ಬೆಳಕೊಂದು ಇದ್ದರೆ ಅರ್ಧ ಕೆಲಸ ಆದಂತೆ.

— ಪಶುವೈದ್ಯಾಧಿಕಾರಿ