ಕರುವಿನ ಹೃದಯದ ತೂತಿಗೂ ಗ್ರಹಣಕ್ಕೂ ಸಂಬಂಧವಿಲ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆ ಹೊಗೆಸೊಪ್ಪು ಕೈಕೊಟ್ಟ ವರ್ಷ ಎಷ್ಟೋ ಮನೆ ನಡೆಯೋದು ಡೇರಿ ಹಾಲಿನಿಂದ. ಅಂಥ ಮನೆಯಲ್ಲಿ ಹೆಣ್ಣುಗರು ಸತ್ತರೆ ಎರಡು ಮೂರು ವರ್ಷದಾಚೆಯ ಆದಾಯವೇ ಹೋದಂತೆ. ಆದರೂ ಯಾಕೆ ಸತ್ತಿತು ಅಂತ ನಾವು ಕೇಳಲ್ಲ. ಗಬ್ಬದ ಹಸು ಗ್ರಹಣದ ದಿನ ಹೊರಗಿತ್ತು ಅಂದುಬಿಟ್ಟರೆ ಮುಗೀತು.

ಭೇದಿ, ನ್ಯುಮೋನಿಯಾಕ್ಕೆ ಹೋಲಿಸಿದರೆ ಹುಟ್ಟಿನಿಂದ ಬರುವ ಹೃದಯದೋಷ ಅಪರೂಪ. ಅದರಲ್ಲಿ ಹೆಚ್ಚಾಗಿ ಕಾಣೋದು ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ತೂತು. ಕರು ಹೊಟ್ಟೆಯಲ್ಲಿರುವಾಗಲೇ ಕಟ್ಟಿ ಮುಗಿಯಬೇಕಿದ್ದ ಗೋಡೆ ಅರ್ಧಕ್ಕೆ ನಿಂತಿರುತ್ತೆ. ಎಡಗಡೆ ಒತ್ತಡ ಜಾಸ್ತಿ, ಹಾಗಾಗಿ ರಕ್ತ ಬಲಗಡೆಗೆ ನುಗ್ಗಿ ಶ್ವಾಸಕೋಶದ ಮೇಲೆ ಹೊರೆ ಬೀಳುತ್ತೆ. ಕರು ನಾಲ್ಕು ಗುಟುಕು ಗಿಣ್ಣುಹಾಲು ಕುಡಿದು ಏದುಸಿರು ಬಿಡುತ್ತೆ, ಬೆಳೆಯಲ್ಲ. ನೋಡೋಕೆ ಥೇಟ್ ನ್ಯುಮೋನಿಯಾ. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಬೀಳುತ್ತೆ. ಮುಂಗಾಲ ಮೊಣಕೈ ಹಿಂದೆ ಅಂಗೈ ಇಟ್ಟರೆ ಕೆಲವು ಕರುಗಳಲ್ಲಿ ಬಡಿತದ ಜೊತೆ ಗುರ್ರ್ ಅನ್ನೋ ಕಂಪನ ಸಿಗುತ್ತೆ. ಸಣ್ಣ ತೂತಿದ್ದರೆ ಕರು ಬದುಕಿ ದೊಡ್ಡದೂ ಆಗಬಹುದು. ದೊಡ್ಡದಿದ್ದರೆ ಆಪರೇಷನ್ ರೈತನ ಕೈಗೆಟುಕುವ ಮಾತಲ್ಲ.

ಇನ್ನೂ ಅಪರೂಪ, ಕುತ್ತಿಗೆಯಲ್ಲಿ ಹೃದಯವಿರುವ ಕರು. ಚರ್ಮದಡಿ ಬಡಿಯೋದು ಕಣ್ಣಿಗೇ ಕಾಣುತ್ತೆ. ಭ್ರೂಣದಲ್ಲಿ ಕುತ್ತಿಗೆ ಹತ್ತಿರ ಮೂಡುವ ಹೃದಯ ಎದೆಗೂಡಿಗೆ ಇಳಿಯದೆ ಅಲ್ಲೇ ಉಳಿದಿರುತ್ತೆ. ಪವಾಡವೂ ಅಲ್ಲ, ಶಾಪವೂ ಅಲ್ಲ.

ಕಾರಣ? ಪ್ರತಿ ಕರುವಿಗೂ ಇದೇ ಅಂತ ಬೊಟ್ಟು ಮಾಡೋಕಾಗಲ್ಲ. ಆದರೆ ತೂತಿನ ದೋಷ ಕೆಲವು ತಳಿಗಳಲ್ಲಿ ವಂಶದಿಂದ ಬರುತ್ತೆ ಅನ್ನೋ ಶಂಕೆ ಪಶುವೈದ್ಯರಲ್ಲಿದೆ. ನನಗೆ ಸಿಟ್ಟು ಬರೋದು ಇಲ್ಲೇ. ಈಗ ಒಂದೇ ಹೋರಿಯ ವೀರ್ಯ ಸಾವಿರಾರು ಹಸುಗಳಿಗೆ ಹೋಗುತ್ತೆ. ವೀರ್ಯ ಕೇಂದ್ರಗಳ ಹೋರಿಗಳಿಗೆ ಕೆಲವು ಆನುವಂಶಿಕ ರೋಗಗಳ ಪರೀಕ್ಷೆ ಕಡ್ಡಾಯ, ನಿಜ. ಹೃದಯದ ತೂತಿಗೆ ಅಂಥ ಸರಳ ಜೀನ್ ಪರೀಕ್ಷೆಯೇ ಇಲ್ಲ. ಹಾಗಿದ್ದ ಮೇಲೆ ಸತ್ತ ಕರುಗಳ ಲೆಕ್ಕವೇ ನಮಗಿರುವ ಸುಳಿವು. ವೀರ್ಯದ ಸ್ಟ್ರಾ ಮೇಲೆ ಹೋರಿಯ ನಂಬರ್ ಇರುತ್ತೆ, ಹಸುವಿನ ಕಿವಿಯಲ್ಲಿ 12 ಅಂಕಿಯ ಓಲೆ ಇರುತ್ತೆ. ಕರುವಿನ ಎದೆ ಕೊಯ್ದು ನೋಡಿದ ಒಂದು ಸಾಲನ್ನು ಇವೆರಡಕ್ಕೂ ಜೋಡಿಸಬೇಕು. ಅದಕ್ಕೆ ಹಾಸನದ ಪಶುವೈದ್ಯಕೀಯ ಕಾಲೇಜಿನವರೆಗೆ ಸತ್ತ ಕರು ಹೊತ್ತೊಯ್ಯೋ ರೈತ ಯಾರು ಸಿಗ್ತಾರೆ? ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು. ನಿಮ್ಮ ಕೊಟ್ಟಿಗೆಯಲ್ಲಿ ಹೀಗಾದರೆ ಹೂಳುವ ಮುಂಚೆ 1962ಕ್ಕೆ ಫೋನ್ ಮಾಡಿ, ಮರಣೋತ್ತರ ಪರೀಕ್ಷೆ ಕೇಳಿ. ಹೋರಿಯ ನಂಬರನ್ನೂ ಬರೆಸಿಕೊಳ್ಳಿ.