ಕೋಟಿ ಡಿಗ್ರಿಯ ಜ್ವರ ಅಳೆಯುವುದು ಹೇಗೆ?

ಮೈ ಬಿಸಿಯಾದರೆ ನಾಲಗೆಯ ಕೆಳಗೆ ಥರ್ಮಾಮೀಟರ್ ಇಟ್ಟು ನೋಡಬಹುದು. ಹತ್ತು ಕೋಟಿ ಡಿಗ್ರಿ ಕಾದ ಅನಿಲದ ಜ್ವರ ನೋಡುವುದು ಹೇಗೆ? ಸೂರ್ಯನ ಒಡಲಲ್ಲಿ ನಡೆಯುವಂತೆ ಹಗುರವಾದ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯಲು ಹೊರಟವರನ್ನು ಮೊದಲಿನಿಂದಲೂ ಕಾಡಿದ ಪ್ರಶ್ನೆ ಇದು. ಅಷ್ಟು ಕಾದ ಅನಿಲ 'ಪ್ಲಾಸ್ಮಾ' ಸ್ಥಿತಿಯಲ್ಲಿರುತ್ತದೆ. ಅದನ್ನು ಟೋಕಮಾಕ್ ಎಂಬ ಯಂತ್ರದಲ್ಲಿ, ಗೋಡೆಗೆ ತಾಗದಂತೆ ಕಾಂತಕ್ಷೇತ್ರದ ಬಲೆಯಲ್ಲಿ ಹಿಡಿದಿಡುತ್ತಾರೆ. ಒಳಗೆ ಮಾಪಕ ತೂರಿಸಿದರೆ ಮಾಪಕ ಕರಗೀತು, ಪ್ಲಾಸ್ಮಾ ತಣಿದೀತು.

ಅಳತೆಯೇ ಈ ವಿಜ್ಞಾನದ ದಿಕ್ಕು ಬದಲಿಸಿದ್ದೂ ಉಂಟು. 1968ರಲ್ಲಿ ಸೋವಿಯತ್ ವಿಜ್ಞಾನಿಗಳು ತಮ್ಮ ಟಿ-3 ಟೋಕಮಾಕ್‌ನಲ್ಲಿ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಿದ್ದೇವೆ ಎಂದಾಗ ಪಶ್ಚಿಮದ ಅನೇಕರು ನಂಬಲಿಲ್ಲ. ಶೀತಲ ಸಮರದ ಆ ದಿನಗಳಲ್ಲೂ ಲೆವ್ ಆರ್ಟ್ಸಿಮೊವಿಚ್ ಅವರು ಬ್ರಿಟಿಷ್ ತಂಡವನ್ನೇ ಮಾಸ್ಕೋಗೆ ಕರೆಸಿಕೊಂಡರು. ಕಲ್ಹಮ್ ಪ್ರಯೋಗಾಲಯದ ಆ ತಂಡ 1969ರಲ್ಲಿ ಪ್ಲಾಸ್ಮಾದೊಳಗೆ ಲೇಸರ್ ಬೆಳಕು ಹಾಯಿಸಿತು. ಎಲೆಕ್ಟ್ರಾನ್‌ಗಳು ಚದುರಿಸಿದ ಬೆಳಕಿನ ಬಣ್ಣ ಎಷ್ಟು ಹರಡಿದೆ ಎಂಬುದರಿಂದ ಶಾಖ ತಿಳಿಯಿತು. ಸೋವಿಯತ್ ಮಾತು ನಿಜವಾಗಿತ್ತು. ಜಗತ್ತು ಟೋಕಮಾಕ್ ಕಡೆ ತಿರುಗಿತು.

'ಥಾಮ್ಸನ್ ಚದುರಿಕೆ' ಎಂಬ ಈ ವಿಧಾನ ಇಂದಿಗೂ ನೆಚ್ಚಿನದು. ಆದರೆ ಲೇಸರ್ ಮಿಡಿದಾಗ ಮಾತ್ರ ಅಳತೆ ಸಿಗುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಡಿ-3-ಡಿ ಯಂತ್ರದಲ್ಲಿ ಅದು ಸೆಕೆಂಡಿಗೆ ಸುಮಾರು 200 ಸಲ. ಪ್ಲಾಸ್ಮಾದ ಅಂಚಿನಲ್ಲಿ ಸಿಡಿದು ಗೋಡೆಯನ್ನು ಸವೆಸುವ ಸ್ಫೋಟಗಳು ಎರಡು ಮಿಡಿತಗಳ ನಡುವೆಯೇ ಮುಗಿದುಹೋಗುತ್ತವೆ. ಸಾಂದ್ರತೆ, ಸೂಕ್ಷ್ಮ ತರಂಗ, ಕಾಂತಕ್ಷೇತ್ರಗಳನ್ನು ನೋಡುವ ಇತರ ಮಾಪಕಗಳು ಚುರುಕು. ಆದರೆ ಒಂದೊಂದಕ್ಕೂ ಕಾಣುವುದು ಒಂದೊಂದು ಮುಖ ಮಾತ್ರ.

ಈ ತುಣುಕುಗಳನ್ನು ಹೊಂದಿಸಲು ಈಗ ಕಂಪ್ಯೂಟರಿಗೆ ಕಲಿಸಲಾಗುತ್ತಿದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನೇತೃತ್ವದ ತಂಡವೊಂದು 2025ರಲ್ಲಿ ಪ್ರಕಟಿಸಿದ 'ಡಯಾಗ್-ಟು-ಡಯಾಗ್' ವಿಧಾನ ಇದಕ್ಕೆ ನಿದರ್ಶನ. ಹಳೆಯ ಪ್ರಯೋಗಗಳ ದಾಖಲೆಗಳಿಂದ ಮಾಪಕಗಳ ನಡುವಣ ನಂಟನ್ನು ಕಲಿತ ಈ ತಂತ್ರಾಂಶ, ಚುರುಕು ಮಾಪಕಗಳನ್ನು ನೋಡಿ ಥಾಮ್ಸನ್ ಅಳತೆ ಎಷ್ಟಿರಬೇಕೆಂದು ಸೆಕೆಂಡಿಗೆ ಲಕ್ಷಾಂತರ ಸಲ ಅಂದಾಜಿಸುತ್ತದೆ.

ಇದರ ಮಹತ್ವ ಮುಂದಿನ ವಿದ್ಯುತ್ ಸ್ಥಾವರಗಳಲ್ಲಿದೆ. ಅಲ್ಲಿ ನ್ಯೂಟ್ರಾನ್‌ಗಳ ಹೊಡೆತಕ್ಕೆ ಉಪಕರಣಗಳು ಬಾಳುವುದು ಕಷ್ಟ. ಅವನ್ನಿಡಲು ಜಾಗವೂ ಕಡಿಮೆ. ಇರುವ ಕೆಲವೇ ಮಾಪಕಗಳಿಂದ ಉಳಿದದ್ದನ್ನು ಅರಿಯಬೇಕಾಗುತ್ತದೆ.

ಆದರೂ ಅಂದಾಜು ಅಂದಾಜೇ. ಹಿಂದೆ ಕಾಣದ ಪರಿಸ್ಥಿತಿ ಎದುರಾದರೆ ಕಲಿತ ಯಂತ್ರವೂ ದಾರಿ ತಪ್ಪಬಹುದು. 1969ರಲ್ಲಿ ಸಂಶಯ ನೀಗಿಸಿದ್ದು ಸ್ವತಂತ್ರವಾದ ಇನ್ನೊಂದು ಅಳತೆ. ಅಂಥ ಸಾಕ್ಷಿಯ ಅಗತ್ಯ ಇಂದಿಗೂ ತಪ್ಪಿಲ್ಲ.