ಪವನಾ ಲೇಕ್ ಕ್ಯಾಂಪ್‌ನಲ್ಲಿ ವೈಫೈ ಕಡ್ಡಿ ಫುಲ್, ನೆಟ್ ಮಾತ್ರ ನಿಲ್: ಕಾರಣ ಏನು?

ಶುಕ್ರವಾರ ಸಂಜೆ ಆಫೀಸ್ ಮುಗಿಸಿ ಪುಣೆಯಿಂದಲೋ ಮುಂಬೈನಿಂದಲೋ ಹೊರಟು ಪವನಾ ದಡದ ಟೆಂಟ್ ಸೇರಿದವರು ಮೊದಲು ಕೇಳುವುದು ವೈಫೈ ಪಾಸ್‌ವರ್ಡ್. ಬುಕಿಂಗ್ ಪುಟದಲ್ಲಿ 'ಫ್ರೀ ವೈಫೈ' ಅಂತ ಬರೆದಿರುತ್ತದೆ. ಫೋನ್‌ನಲ್ಲಿ ಕಡ್ಡಿಗಳೂ ಪೂರ್ತಿ ಕಾಣುತ್ತವೆ. ಆದರೆ ಒಂದು ವಾಟ್ಸ್‌ಆ್ಯಪ್ ಫೋಟೊ ಕೂಡ ಹೋಗುವುದಿಲ್ಲ. ಸೋಮವಾರ ಬೆಳಗ್ಗಿನ ಮೀಟಿಂಗ್‌ಗೆ ಟೆಂಟ್‌ನಿಂದಲೇ ಲಾಗಿನ್ ಆಗೋಣ ಎಂದುಕೊಂಡವರ ಪಾಡು ಕೇಳುವುದೇ ಬೇಡ.

ಇದಕ್ಕೆ ಕ್ಯಾಂಪ್ ಮಾಲೀಕರ ಜಿಪುಣತನವೊಂದೇ ಕಾರಣವಲ್ಲ. ಲೋನಾವಾಲಾದಿಂದ ಸುಮಾರು 20 ಕಿ.ಮೀ. ದೂರದ ಈ ಕೆರೆ ನಿಜವಾಗಿ ಅಣೆಕಟ್ಟಿನ ಹಿನ್ನೀರು. ಪಿಂಪ್ರಿ-ಚಿಂಚವಾಡ ನಗರ ಕುಡಿಯುವುದು ಈ ನೀರನ್ನೇ. ಸುತ್ತಲೂ ಸಹ್ಯಾದ್ರಿ ಗುಡ್ಡಗಳು. ಲೋಹಗಡ, ವಿಸಾಪುರ, ತಿಕೋನಾ, ತುಂಗ್ ಕೋಟೆಗಳು. ಫೋಟೊಗೆ ಚೆಂದ ಕಾಣುವ ಇದೇ ಗುಡ್ಡಗಳು ಮೊಬೈಲ್ ಸಿಗ್ನಲ್‌ಗೆ ಗೋಡೆ. ಟವರ್ ಮತ್ತು ಫೋನ್ ಮಧ್ಯೆ ಕಲ್ಲುಬಂಡೆಯ ಬೆಟ್ಟ ಬಂದರೆ ಸಿಗ್ನಲ್ ಅದನ್ನು ತೂರಿ ಬರುವುದಿಲ್ಲ. ಅದಕ್ಕೇ ದಡದ ಒಂದು ತಿರುವಿನಲ್ಲಿ ಸಿಕ್ಕ ನೆಟ್‌ವರ್ಕ್ ನೂರು ಹೆಜ್ಜೆ ಮುಂದೆ ಹೋದರೆ ಮಾಯ.

ಕಡ್ಡಿ ತೋರಿಸುವುದು ಇಂಟರ್ನೆಟ್ ಅಲ್ಲ

ಅಸಲಿ ವಿಷಯ ಇಲ್ಲಿದೆ. ವೈಫೈ ಕಡ್ಡಿ ಹೇಳುವುದು ನಿಮ್ಮ ಫೋನ್ ಮತ್ತು ಕ್ಯಾಂಪ್‌ನ ರೂಟರ್ ನಡುವಿನ ಸಂಪರ್ಕ ಹೇಗಿದೆ ಎಂದಷ್ಟೇ. ಆ ರೂಟರ್‌ಗೆ ಹೊರಗಿನಿಂದ ಇಂಟರ್ನೆಟ್ ಎಷ್ಟು ಬರುತ್ತಿದೆ ಎಂಬುದು ಬೇರೆಯೇ ಲೆಕ್ಕ. ಮನೆಯ ಓವರ್‌ಹೆಡ್ ಟ್ಯಾಂಕ್ ಖಾಲಿ ಇದ್ದಾಗ ಹೊಸ ನಲ್ಲಿ ಹಾಕಿಸಿದರೆ ನೀರು ಬರುತ್ತದೆಯೇ? ಹಾಗೆಯೇ ಇದು.

ಒಂದು ಅಂದಾಜು ಲೆಕ್ಕ ನೋಡಿ. ಕ್ಯಾಂಪ್‌ಗೆ 100 ಎಂಬಿಪಿಎಸ್ ಸಂಪರ್ಕ ಇದೆ ಎಂದುಕೊಳ್ಳೋಣ. 60 ಟೆಂಟ್, ತಲಾ ಎರಡು ಫೋನ್, ಅಂದರೆ 120 ಫೋನ್. ಎಲ್ಲರೂ ಒಟ್ಟಿಗೆ ರೀಲ್ಸ್ ಹಾಕಲು ಕೂತರೆ ಒಬ್ಬರ ಪಾಲಿಗೆ 1 ಎಂಬಿಪಿಎಸ್ ಕೂಡ ಬರುವುದಿಲ್ಲ. ಸರಿಯಾದ ವಿಡಿಯೊ ಕಾಲ್‌ಗೆ ಅದು ಸಾಲದು. ಶನಿವಾರ ರಾತ್ರಿ ಎಂಟಕ್ಕೆ ಸತ್ತ ವೈಫೈ ಬೆಳಗಿನ ಜಾವ ಐದಕ್ಕೆ ಓಡುವುದು ಇದೇ ಕಾರಣಕ್ಕೆ.

ಆ ಸಂಪರ್ಕ ಬರುವ ದಾರಿಯೂ ಮುಖ್ಯ. ಫೈಬರ್ ಕೇಬಲ್ ಎಳೆದ ಜಾಗವಾದರೆ ಅದೃಷ್ಟ. ಇಲ್ಲದ ಕಡೆ ಆಸರೆಯಾಗುವುದು ಮೊಬೈಲ್ ಟವರ್‌ನಿಂದಲೇ ಬರುವ ವೈರ್‌ಲೆಸ್ ಬ್ರಾಡ್‌ಬ್ಯಾಂಡ್. ಏರ್‌ಟೆಲ್ ಇಂಥ ಸೇವೆಯನ್ನು 2023ರ ಆಗಸ್ಟ್‌ನಲ್ಲಿ, ಜಿಯೋ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆರಂಭಿಸಿದವು. ಕೇಬಲ್ ಬೇಕಿಲ್ಲ ಎಂಬುದು ದೊಡ್ಡ ಅನುಕೂಲ. ಆದರೆ ವೀಕೆಂಡ್‌ನಲ್ಲಿ ಬಂದ ಪ್ರವಾಸಿಗರ ಫೋನ್‌ಗಳೂ ಸಾಮಾನ್ಯವಾಗಿ ಅದೇ ಟವರ್ ಹಿಡಿಯುತ್ತವೆ. ಹೀಗಾಗಿ ಜನ ಹೆಚ್ಚಾದಂತೆ ಮೊಬೈಲ್ ಡೇಟಾ, ಕ್ಯಾಂಪ್ ವೈಫೈ ಎರಡೂ ಒಟ್ಟಿಗೆ ಸುಸ್ತಾಗುತ್ತವೆ.

ದೂರದ ಟೆಂಟ್‌ನಲ್ಲಿ ಇನ್ನೊಂದು ಸಮಸ್ಯೆ. ಅಡುಗೆಮನೆ ಹತ್ತಿರದ ರೂಟರ್‌ನ ದನಿ ನಿಮ್ಮ ಫೋನ್‌ಗೆ ಕೇಳುತ್ತದೆ, ಆದರೆ ಫೋನ್‌ನ ಸಣ್ಣ ದನಿ ರೂಟರ್‌ವರೆಗೆ ಮುಟ್ಟುವುದಿಲ್ಲ. ಟೆಂಟ್ ಬಟ್ಟೆ ವೈಫೈಯನ್ನು ಅಷ್ಟಾಗಿ ತಡೆಯದು. ಒದ್ದೆ ಎಲೆಗಳ ಮರ, ಕಲ್ಲಿನ ಗೋಡೆ ತಡೆಯುತ್ತವೆ. ಇಂಥಲ್ಲಿ ಫೋನ್ ಸೆಟ್ಟಿಂಗ್ಸ್‌ನಲ್ಲಿ 5 ಗಿಗಾಹರ್ಟ್ಸ್ ಬದಲು 2.4 ಗಿಗಾಹರ್ಟ್ಸ್ ವೈಫೈ ಕಂಡರೆ ಅದನ್ನೇ ಹಿಡಿಯಿರಿ. ವೇಗ ಕಡಿಮೆ, ಆದರೆ ದೂರ ಹೆಚ್ಚು. ಮಳೆ ಬಂದರೆ ವೈಫೈ ಹೋಗುತ್ತದೆ ಎನ್ನುವವರಿದ್ದಾರೆ. ಮಳೆಹನಿಗಿಂತ ಮಳೆಗೆ ಹೋಗುವ ಕರೆಂಟ್ ಮೇಲೆ ಅನುಮಾನ ಪಡುವುದು ವಾಸಿ.

ಒಟಿಪಿ ಎಂಬ ಫಜೀತಿ

ಕೆಲವು ರೆಸಾರ್ಟ್‌ಗಳಲ್ಲಿ ವೈಫೈಗೆ ಮೊಬೈಲ್ ನಂಬರ್ ಕೊಟ್ಟು ಒಟಿಪಿ ಹಾಕಬೇಕು. ಇದರ ಹಿಂದೆ ಒಂದು ಕಥೆಯಿದೆ. 2008ರ ಅಹಮದಾಬಾದ್ ಸರಣಿ ಸ್ಫೋಟಕ್ಕೆ ಮುನ್ನ ಬಂದ ಬೆದರಿಕೆ ಇಮೇಲ್ ನವಿ ಮುಂಬೈನ ಭದ್ರತೆಯಿಲ್ಲದ ವೈಫೈ ಒಂದರಿಂದ ಹೋಗಿತ್ತು. ಮರುವರ್ಷ ದೂರಸಂಪರ್ಕ ಇಲಾಖೆ, ಸಾರ್ವಜನಿಕ ವೈಫೈ ಬಳಸುವವರ ಗುರುತು ದಾಖಲಾಗಬೇಕು ಎಂದು ಸೂಚಿಸಿತು. ನಿಯಮ ಸರಿಯೇ. ಆದರೆ ಮೊಬೈಲ್ ಸಿಗ್ನಲ್ ಇಲ್ಲ ಎಂದು ವೈಫೈ ಕೇಳಿದವರಿಗೆ, ವೈಫೈ ಸಿಗಲು ಮೊಬೈಲ್‌ಗೆ ಎಸ್‌ಎಂಎಸ್ ಬರಬೇಕು! ಸಿಗ್ನಲ್ ಇರುವ ಜಾಗದಲ್ಲಿ ನಿಂತು ಲಾಗಿನ್ ಮುಗಿಸಿಕೊಂಡು ಟೆಂಟ್‌ಗೆ ಹೋಗುವುದೊಂದೇ ದಾರಿ.

ಹೊರಡುವ ಮುನ್ನ

ಬುಕ್ ಮಾಡುವಾಗ 'ವೈಫೈ ಇದೆಯಾ' ಎಂದು ಕೇಳಬೇಡಿ, ಇದೆ ಎಂದೇ ಉತ್ತರ ಬರುತ್ತದೆ. ಫೈಬರಾ, ಟವರ್‌ನಿಂದ ಬರುವುದಾ, ಟೆಂಟ್‌ವರೆಗೆ ಸಿಗುತ್ತದಾ, ಕರೆಂಟ್ ಹೋದರೆ ರೂಟರ್‌ಗೆ ಇನ್ವರ್ಟರ್ ಉಂಟಾ ಎಂದು ಕೇಳಿ. ಯಾವ ಕಂಪನಿಯ ಸಿಮ್‌ಗೆ ಅಲ್ಲಿ ಸಿಗ್ನಲ್ ಬರುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಫೋನ್‌ನಲ್ಲಿ 'ವೈಫೈ ಕಾಲಿಂಗ್' ಆನ್ ಮಾಡಿಟ್ಟರೆ, ವೈಫೈ ಚೆನ್ನಾಗಿದ್ದಲ್ಲಿ ಮೊಬೈಲ್ ಸಿಗ್ನಲ್ ಇಲ್ಲದೆಯೂ ಮಾತಾಡಬಹುದು. ಮ್ಯಾಪ್ ಆಫ್‌ಲೈನ್‌ಗೆ ಇಳಿಸಿಕೊಳ್ಳಿ. ಯುಪಿಐ ನಂಬಿ ಬರಿಗೈಲಿ ಹೋಗಬೇಡಿ, ನಗದು ಇರಲಿ.

ಮೀಟಿಂಗ್ ತಪ್ಪಿದರೆ ಬಾಸ್ ಬೈದಾರು, ಅಷ್ಟೇ. ಆದರೆ ಪವನಾ ನೀರಿಗಿಳಿದ ಪ್ರವಾಸಿಗರು ಮುಳುಗಿ ಸತ್ತ ಸುದ್ದಿ ಹಲವು ಬಾರಿ ಬಂದಿದೆ. ಅಂಥ ಹೊತ್ತಲ್ಲಿ ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಕರೆ ಮಾಡಿ ನೋಡಿ. ಆ ಜಾಗದಲ್ಲಿ ಬೇರೆ ಯಾವುದೇ ಕಂಪನಿಯ ನೆಟ್‌ವರ್ಕ್ ಇದ್ದರೂ ಫೋನ್ ಅದರ ಮೂಲಕ ತುರ್ತು ಕರೆ ಮಾಡಲು ಯತ್ನಿಸುತ್ತದೆ. 'ಪವನಾ ಲೇಕ್‌ನಲ್ಲಿದ್ದೇವೆ' ಎಂದರೆ ಮಾತ್ರ ಸಾಲದು, ದಡದುದ್ದಕ್ಕೂ ಕ್ಯಾಂಪ್‌ಗಳೇ. ನೀವಿರುವುದು ಠಾಕುರ್‌ಸಾಯಿ ಕಡೆಯೋ, ತಿಕೋನಾ ಪೇಠ್ ಕಡೆಯೋ ಎಂದು ಊರಿನ ಹೆಸರನ್ನು ಚೆಕ್-ಇನ್ ಆಗುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.